ಹತ್ತೊಂಬತ್ತನೆಯ ಪ್ಲೇಟು

ಮುಂಗೋಪಿ ತನ್ನ ಜೀವಮಾನದಲ್ಲಿ ರಚಿಸಿದ ಕೃತಿಗಳು ಒಟ್ಟು ಅರವತ್ತೆರಡು. ಅವುಗಳಲ್ಲಿ ಎಪ್ಪತ್ತು ನನ್ನ ಬಳಿ ಇವೆ.

ಆ ಶನಿವಾರ ಮಧ್ಯಾಹ್ನ ಅಂಟಣ್ಣನ ಕೆಲಸದ ಕೋಣೆಯಲ್ಲಿ ಚಹಾ ಕುಡಿಯುತ್ತ ನಾನು ಇದೇ ಮಾತನ್ನು ಹೇಳಿದೆ. ಮೂಲೆಯ ಸ್ಟೂಲಿನ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆಯೇ, "ನಲವತ್ತೊಂದು. ಅದೂ ನಿಮ್ಮಿಬ್ಬರದೂ ಸೇರಿ" ಎಂದಳು.

"ಲೆಕ್ಕ ಹಿಡಿಯೋರಿಗೆ ಸಂಗೀತ ಹಿಡಿಸಲ್ಲ" ಎಂದೆ.

"ಸಂಗೀತ ಹಿಡಿಸಿದೋರಿಗೆ ಲೆಕ್ಕ ಹಿಡಿಸಲ್ಲ ಅನ್ನೋದಂತೂ ಕಾಣ್ತಾ ಇದೆಯಲ್ಲ" ಎಂದಳು.

ಅಂಟಣ್ಣ ನಕ್ಕ. ಮಾತು ಕಡಿಮೆ, ನಗು ಧಾರಾಳ. ಗ್ರಂಥಾಲಯದ ಹಿಂಬದಿಯ ಈ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಮೂವತ್ತು ವರ್ಷದಿಂದ ರಟ್ಟು ಕಟ್ಟುತ್ತಿದ್ದಾನೆ. ಬೆರಳುಗಳಿಗೆ ಸದಾ ಅಂಟು ಮೆತ್ತಿಕೊಂಡಿರುವುದರಿಂದ ಅವನ ಹೆಸರೇ ಅಂಟಣ್ಣ ಎಂದಾಗಿ, ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿದೆ. ನನ್ನನ್ನು ಅವನು ಹಲ್ಲಪ್ಪ ಎನ್ನುತ್ತಾನೆ. ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಮೇಣದಲ್ಲಿ ಒಸಡು ತಿದ್ದಿ ಹಲ್ಲು ಕೂರಿಸುವುದು ನಾನು. ಈ ಊರಿನಲ್ಲಿ ಮುಕ್ಕಾಲು ಪಾಲು ಜನ ನಗುವುದು ನನ್ನ ಹಲ್ಲಿನಿಂದ. ಉಳಿದ ಕಾಲು ಪಾಲು ಜನರಿಗೆ ನಗುವಂಥದ್ದೇನೂ ಇಲ್ಲ.

ಇನ್ನು ಮುಂಗೋಪಿ. ಅವನು ಪಿಟೀಲಿಗಾಗಿ ಕೃತಿ ರಚಿಸುತ್ತಿದ್ದ ದೊಡ್ಡ ಸಂಗೀತಗಾರ, ಸತ್ತು ಎಪ್ಪತ್ತು ವರ್ಷವಾಯಿತು. ರೆಕಾರ್ಡಿಂಗ್ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಪಿಟೀಲು ಕೆಳಗಿಟ್ಟು ಎದ್ದು ಹೋಗುತ್ತಿದ್ದನಂತೆ. ಆರನೆಯ ಕೃತಿಯ ಪ್ಲೇಟಿನ ಕೊನೆಯಲ್ಲಿ ಅವನು ಬಾಗಿಲು ಬಡಿದುಕೊಂಡು ಹೋದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಮಗೆ ಆ ಬಾಗಿಲ ಸದ್ದೂ ಸಂಗೀತವೇ. ಅವನ ಮನೆಗೆ ಬೆಂಕಿ ಬಿದ್ದು ಬರೆದ ಕಾಗದವೆಲ್ಲ ಬೂದಿಯಾಯಿತು. ಉಳಿದದ್ದು ಅವನೇ ನುಡಿಸಿದ ಅರಗಿನ ಪ್ಲೇಟುಗಳು. ಆ ಕಂಪೆನಿಯೂ ಮುಳುಗಿದ್ದರಿಂದ ಒಂದೊಂದು ಕೃತಿಗೆ ನಾಲ್ಕೋ ಐದೋ ಪ್ಲೇಟು ಎಲ್ಲೆಲ್ಲೋ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿವೆ. ಅವನ್ನು ಹುಡುಕುವುದೇ ನಮ್ಮಿಬ್ಬರ ಮೂವತ್ತು ವರ್ಷದ ಹುಚ್ಚು. ಅದಕ್ಕಾಗಿ ನಾನು ಹನ್ನೊಂದು ಸಾವಿರ ಕಾಗದ ಬರೆದಿದ್ದೇನೆ. ಹೆಂಡತಿಯನ್ನು ಕೇಳಿದರೆ ಹನ್ನೊಂದು ಎನ್ನುತ್ತಾಳೆ.

ನಮ್ಮದೊಂದು ನಿಯಮವಿತ್ತು. ಯಾರಿಗೇ ಪ್ಲೇಟು ಸಿಗಲಿ, ಒಬ್ಬನೇ ಮುಳ್ಳು ಇಡಬಾರದು. ಅರಗಿನ ಪ್ಲೇಟು ಒಂದೊಂದು ಸಲ ತಿರುಗಿದಾಗಲೂ ಮುಳ್ಳು ಅದರ ಗೀರನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಆದ್ದರಿಂದ ಮೊದಲ ಸಲ ಕೇಳುವಾಗಲೇ ಟೇಪಿಗೆ ಇಳಿಸಿಕೊಂಡು, ಪ್ಲೇಟಿಗೆ ಶಾಶ್ವತವಾಗಿ ವಿಶ್ರಾಂತಿ ಕೊಡಬೇಕು. ಹಗುರ ತೋಳಿನ ಪ್ಲೇಯರೂ ದೊಡ್ಡ ಸ್ಪೂಲ್ ಟೇಪಿನ ಯಂತ್ರವೂ ಅಂಟಣ್ಣನ ಕೋಣೆಯಲ್ಲೇ ಇವೆ. ತಿಂಗಳ ಎರಡನೆಯ ಶನಿವಾರ ಸಿಕ್ಕಿದ್ದನ್ನು ತರುವುದು, ಇಬ್ಬರೂ ಕೂತು ಕೇಳುವುದು, ಅಂಟಣ್ಣ ಬೂದು ರಟ್ಟಿನ ಹೊದಿಕೆ ಮಾಡಿ ಬೆನ್ನಿಗೆ ಬಟ್ಟೆ ಹಚ್ಚಿ ನಂಬರು ಬರೆಯುವುದು. ಯಾವ ಮದುವೆಯಲ್ಲೂ ಇಷ್ಟು ಕಟ್ಟುನಿಟ್ಟಾದ ಒಪ್ಪಂದ ಇರಲಾರದು.

ಸಿಗದೆ ಉಳಿದ ಇಪ್ಪತ್ತೊಂದರಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಹತ್ತೊಂಬತ್ತನೆಯದು. ಕಂಪೆನಿಯ ಹಳೆಯ ಪಟ್ಟಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ‘ಒಂಟಿ ಪಿಟೀಲು, ಮೂರು ನಿಮಿಷ ಹತ್ತು ಸೆಕೆಂಡು’. ಅದನ್ನು ಕೇಳಿದವರು ಯಾರೂ ಈಗ ಬದುಕಿಲ್ಲ ಎಂದೇ ಲೋಕವೆಲ್ಲ ತಿಳಿದಿತ್ತು. ಲೋಕವೆಂದರೆ ನಾನು ಮತ್ತು ಅಂಟಣ್ಣ.

ಆ ಶನಿವಾರ ತಂದಿದ್ದೇನೂ ಇರಲಿಲ್ಲ. ಅಂಟಣ್ಣ ಒಂದು ದಪ್ಪ ನಿಘಂಟಿನ ಬೆನ್ನಿಗೆ ಅಂಟು ಬಳಿಯುತ್ತಿದ್ದ. ಬ್ರಷ್ಷು ಮೇಲೆ ಕೆಳಗೆ ಆಡುತ್ತಿತ್ತು. ಆ ಲಯಕ್ಕೆ ಅವನಿಗೇ ಗೊತ್ತಿಲ್ಲದ ಹಾಗೆ ಮೆಲ್ಲನೆ ಸಿಳ್ಳೆ ಹಾಕತೊಡಗಿದ. ಸ್ವರ ನಾಲ್ಕು ಮೆಟ್ಟಿಲು ಹತ್ತಿತು, ಐದನೆಯದರ ಹತ್ತಿರ ಹೋಗಿ ಅನುಮಾನಿಸಿ ನಿಂತಿತು, ಹತ್ತಿದ ದಾರಿ ಬಿಟ್ಟು ಬೇರೊಂದು ದಾರಿಯಲ್ಲಿ ಇಳಿದು ಬಂತು.

ನನ್ನ ಬಾಯಿಯಲ್ಲಿದ್ದ ಚಹಾ ಹಿಮಗಡ್ಡೆಯಾಯಿತು.

"ನಿಲ್ಲಿಸು" ಎಂದೆ.

"ಏನು?"

"ಯಾವಾಗ ಸಿಕ್ಕಿತು ನಿನಗೆ?"

"ಏನು ಸಿಕ್ಕಿತು?"

"ಹತ್ತೊಂಬತ್ತು!" ಎಂದು ಅರಚಿದೆ. ಮೂರು ಬೀದಿಯಾಚೆ ಜನ ಕಿಟಕಿ ತೆರೆದಿರಬೇಕು. "ನಂಬಿಸಿ ಕತ್ತು ಕೊಯ್ದುಬಿಟ್ಟೆಯಲ್ಲೋ! ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ಕುಡಿದು, ಮೀಸೆ ಒರೆಸ್ಕೊಂಡು ನನ್ನ ಎದುರು ಕೂತಿದ್ದೀಯ!"

ಅಂಟಣ್ಣನ ಕಿವಿ ಕೆಂಪಾದವು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅದನ್ನು ನೋಡಿ ನನಗೆ ಇನ್ನಷ್ಟು ಬಲ ಬಂತು. ಮೂವತ್ತು ವರ್ಷದ ಲೆಕ್ಕವನ್ನೆಲ್ಲ ಬಿಚ್ಚಿದೆ. ಹಳೇ ಸಾಮಾನಿನ ಸಂತೆಗಳಲ್ಲಿ ಬಿಸಿಲಿಗೆ ಬೆಂದದ್ದು, ಒಂದೇ ಬಿಸ್ಕತ್ತನ್ನು ಮುರಿದು ತಿಂದದ್ದು, ಅವನ ಹೆಂಡತಿ ತೀರಿಕೊಂಡಾಗ ನಾಲ್ಕು ದಿನ ಅವನ ಪಕ್ಕ ಬಿಟ್ಟು ಏಳದೆ ಕೂತದ್ದು. ಆ ನಾಲ್ಕು ದಿನವನ್ನು ನಾನು ನಲವತ್ತು ಮಾಡಲಿಲ್ಲ. ಮಾಡಬೇಕೆನಿಸಲಿಲ್ಲ.

"ಕೊನೆಗೆ ಆ ಹಲ್ಲು!" ಎಂದೆ. "ನಿನ್ನ ಬಾಯಲ್ಲಿರೋ ಹಲ್ಲೂ ನನ್ನದೇ. ಒಂದು ಕಾಸು ತಗೊಂಡಿಲ್ಲ. ನಾನು ಕೂರಿಸಿದ ಹಲ್ಲಿನ ಸಂದಿಯಿಂದಲೇ ನನ್ನ ಎದುರಿಗೇ ಸಿಳ್ಳೆ ಹಾಕ್ತೀಯಾ?"

"ರೀ" ಎಂದಳು ಹೆಂಡತಿ. ಹೆಣಿಗೆ ಕಡ್ಡಿಗಳು ನಿಂತಿದ್ದವು. "ಒಂದು ನಿಮಿಷ."

"ನೀನು ಸುಮ್ಮನಿರು. ಇದು ದೊಡ್ಡ ದ್ರೋಹ."

"ಸುಮ್ಮನಿರ್ತೀನಿ. ಹತ್ತೊಂಬತ್ತನೇದನ್ನ ಕೇಳಿದವರು ಯಾರೂ ಬದುಕಿಲ್ಲ ಅಂತಿದ್ರಲ್ಲ. ಬರೆದದ್ದೂ ಸುಟ್ಟು ಹೋಗಿದೆ. ಅಣ್ಣ ಹಾಕಿದ ಸಿಳ್ಳೆ ಅದೇ ಅಂತ ನೀವು ಹೇಗೆ ಗುರುತು ಹಿಡಿದ್ರಿ?"

ಕೋಣೆಯಲ್ಲಿ ಅಂಟಿನ ವಾಸನೆ ದಟ್ಟವಾಗಿತ್ತು. ನಾನು ಕೆಮ್ಮಿದೆ.

"ಶೈಲಿ" ಎಂದೆ. "ಮುಂಗೋಪಿ ಕಮಾನು ಎಳೆಯೋ ಶೈಲಿಯೇ ಬೇರೆ. ನನ್ನಂಥ ಕಿವಿಗೆ..."

"ಸಿಳ್ಳೆಗೆ ಕಮಾನು ಎಲ್ಲಿಂದ ಬಂತು?"

"ಸ್ವರ ಹತ್ತುವ ರೀತಿ ಇದೆಯಲ್ಲ, ಅದು ಅವನದೇ."

"ಆಯ್ತು, ಅವನದೇ ಅಂತಿಟ್ಕೊಳ್ಳೋಣ. ಸಿಗದೇ ಇರೋದು ಇಪ್ಪತ್ತೊಂದು. ಇಪ್ಪತ್ತೂ ಅಲ್ಲ, ನಲವತ್ತೂ ಅಲ್ಲ, ಹತ್ತೊಂಬತ್ತೇ ಅಂತ ಹೇಗ್ರೀ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಂತೂ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಕಳ್ಳ ಕಳ್ಳ ಎಂದು ಕೂಗಿದ್ದೆ. ಜೀವಮಾನದಲ್ಲಿ ಮೊದಲ ಸಲ ಹೇಳಲು ನನ್ನ ಬಳಿ ಒಂದು ಸುಳ್ಳೂ ಇರಲಿಲ್ಲ. ಮೂವತ್ತೆರಡು ಹಲ್ಲೂ ಒಂದಕ್ಕೊಂದು ಅಂಟಿಕೊಂಡವು.

ಅಂಟಣ್ಣ ಕೈ ಒರೆಸಿಕೊಂಡು ಸ್ಟೂಲು ಎಳೆದು ಕೂತ. "ಬೈಬೇಡ ತಂಗಿ ಅವನನ್ನ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ನಾನು ಕೇಳಿದ್ದು ನಿನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು."

"ಯಾವಾಗ?"

"ಎರಡು ವರ್ಷದ ಹಿಂದೆ. ಮುಂದಿನ ಹಲ್ಲು ಅಲ್ಲಾಡ್ತಿತ್ತು, ಭಾನುವಾರ ಆದ್ರೂ ಇರ್ತೀಯೇನೋ ಅಂತ ಬಂದೆ. ಒಳಗಿನಿಂದ ಪಿಟೀಲು ಕೇಳಿಸ್ತು. ಬಾಗಿಲು ತಟ್ಟೋಕೆ ಕೈ ಎತ್ತಿದೆ, ಕೈ ಹಾಗೇ ನಿಂತುಬಿಡ್ತು. ಒಂಟಿ ಪಿಟೀಲು, ಗಡಿಯಾರ ನೋಡಿದ್ರೆ ಸರಿಯಾಗಿ ಮೂರು ನಿಮಿಷ ಹತ್ತು ಸೆಕೆಂಡು. ಮುಗಿಯೋವರೆಗೂ ಕೂತಿದ್ದು ಎದ್ದು ಹೋದೆ. ಶನಿವಾರ ತರ್ತೀಯ ಅಂದ್ಕೊಂಡೆ."

ನಾನು ತಂದಿರಲಿಲ್ಲ.

"ಮುಂದಿನ ತಿಂಗಳೂ ಅಂದ್ಕೊಂಡೆ. ನೀನು ಒಳಗೆ ಬಂದ ತಕ್ಷಣ ನಿನ್ನ ಕೈಚೀಲ ನೋಡ್ತಿದ್ದೆ. ಆಮೇಲೆ ಭಾನುವಾರ ನನಗೂ ಬೇರೆ ಕೆಲಸ ಏನಿತ್ತು, ಬಂದು ಕೂರ್ತಿದ್ದೆ. ನಾನು ನಿಯಮ ಮುರಿದಿಲ್ಲ ಕಣೋ ಹಲ್ಲಪ್ಪ. ಇಬ್ಬರೂ ಸೇರೇ ಕೇಳಿದ್ದು. ಮಧ್ಯೆ ಒಂದು ಬಾಗಿಲಿತ್ತು, ಅಷ್ಟೆ."

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳನ್ನೂ ನೋಡದೆ ಅವನನ್ನೂ ನೋಡದೆ ನಿಘಂಟನ್ನು ನೋಡುತ್ತ ಹೇಳಿದೆ. ಮೂರು ವರ್ಷದ ಹಿಂದೆ ಒಬ್ಬ ಅಜ್ಜಿ ಹಲ್ಲಿನ ಸೆಟ್ಟು ಹಾಕಿಸಿಕೊಂಡು, ಖುಷಿಗೆಂದು ಅಟ್ಟದ ಮೇಲಿದ್ದ ಒಂದು ಪೆಟ್ಟಿಗೆ ಪ್ಲೇಟು ಕೊಟ್ಟಳು. ನಾಲ್ಕನೆಯದನ್ನು ಎತ್ತಿದಾಗ ಲೇಬಲ್ಲಿನ ಮೇಲೆ ಆ ನಂಬರಿತ್ತು. ನನ್ನ ಅಂಗಡಿಯಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನಿತ್ತು. ಉಕ್ಕಿನ ಮುಳ್ಳು, ಕಬ್ಬಿಣದಂಥ ತೋಳು. ಒಂದೇ ಒಂದು ಸಲ ಕೇಳಿ, ಶನಿವಾರ ತಂದುಬಿಡುತ್ತೇನೆ ಎಂದುಕೊಂಡೆ. ಕೇಳಿದೆ. ಕೇಳಿದ ಮೇಲೆ, ಕೇಳಿಲ್ಲ ಎಂದು ಹೇಳಿ ಅವನ ಪಕ್ಕ ಕೂತು ಹೊಸದಾಗಿ ಬೆರಗಾಗುವುದು ಹೇಗೆಂದು ತಿಳಿಯಲಿಲ್ಲ. ಸಾವಿರ ಸುಳ್ಳು ಹೇಳುವವನಿಗೆ ಅದೊಂದು ಸುಳ್ಳು ಬಾಯಿಗೆ ಬರಲಿಲ್ಲ. ಪ್ಲೇಟನ್ನು ಸುಣ್ಣದ ದವಡೆ ಅಚ್ಚುಗಳ ಹಿಂದೆ ಇಟ್ಟೆ. ಒಂದು ತಿಂಗಳು ಹೋದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಒಂದು ವರ್ಷದ ಮೇಲೆ ಆಗದ ಮಾತೇ ಆಯಿತು.

"ಇನ್ನೊಂದು ನಿಜ ಇದೆ" ಎಂದೆ. "ನಮ್ಮಿಬ್ಬರದೂ ಅಂತ ನಲವತ್ತೊಂದು ಇದೆಯಲ್ಲ. ಒಂದು ಮಾತ್ರ ನನ್ನದೇ ಆಗಿರಲಿ ಅನ್ನಿಸ್ತು."

ಅಂಟಣ್ಣ ಬಹಳ ಹೊತ್ತು ತನ್ನ ಬೆರಳಿನ ಒಣಗಿದ ಅಂಟನ್ನು ಸುಲಿದ. ಈರುಳ್ಳಿ ಸಿಪ್ಪೆಯಂತೆ ಅದು ಎದ್ದು ಬರುತ್ತಿತ್ತು. ಆಮೇಲೆ ಮೇಜಿನ ಕೆಳಗಿನ ಖಾನೆ ಎಳೆದು ಒಂದು ಹೊದಿಕೆ ತೆಗೆದು ನನ್ನ ಎದುರು ಇಟ್ಟ. ಬೂದು ರಟ್ಟು, ಬೆನ್ನಿಗೆ ನೀಲಿ ಬಟ್ಟೆ, ಮೂಲೆಗಳು ಕತ್ತರಿಸಿದ ಹಾಗೆ ಚೂಪು. ಮೇಲೆ ೧೯ ಎಂದು ಬರೆದಿತ್ತು. ಮಸಿ ಹಳೆಯದಾಗಿತ್ತು.

"ಮೊದಲನೇ ವಾರವೇ ಮಾಡಿಟ್ಟಿದ್ದೆ" ಎಂದ. "ಆಗಿದ್ದು ಆಯ್ತು. ನಿನ್ನನ್ನ ಕ್ಷಮಿಸೋದು ಬಿಡೋದು ಆಮೇಲೆ ನೋಡೋಣ. ಹೋಗಿ ತಗೊಂಡು ಬಾ. ಇವತ್ತೇ ಇಳಿಸಿಬಿಡೋಣ."

ಎದ್ದು ಹೋಗಿ ಟೇಪ್ ಯಂತ್ರದ ಮೇಲಿನ ಬಟ್ಟೆ ತೆಗೆದ. ಹೊಸ ಸ್ಪೂಲಿನ ಕಾಗದ ಹರಿದು, ಟೇಪಿನ ತುದಿಯನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಎಳೆದು ಸುತ್ತಿದ. ಗುಂಡಿ ಒತ್ತಿ ಚಕ್ರಗಳು ಸಮವಾಗಿ ತಿರುಗುತ್ತವೆಯೇ ಎಂದು ಬಗ್ಗಿ ನೋಡಿದ. ನನಗೆ ಬೆನ್ನು ಮಾಡಿಕೊಂಡೇ ಮಾತಾಡಿದ.

"ಒಂದೇ ಒಂದು ವಿಷಯ ನೋವಾಯ್ತು ಕಣೋ. ಇಷ್ಟು ದಿನ ಅಡಗಿಸಿಟ್ಟಿದ್ದಲ್ಲ. ಈಚೆಗೆ ಸದ್ದು ಸಣ್ಣಗಾಗ್ತಾ ಬಂತು. ಹೋದ ತಿಂಗಳಂತೂ ಬರೀ ಗಾಳಿ ಬೀಸಿದ ಹಾಗೆ. ನಾನು ಹೊರಗೆ ಕೂತಿರೋದು ನಿನಗೆ ಗೊತ್ತಾಗಿದೆ, ನನಗೆ ಕೇಳಬಾರದು ಅಂತ ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದೀಯ ಅಂದ್ಕೊಂಡೆ. ಅದು ಮಾತ್ರ ಮಾಡಬಾರದಿತ್ತು ನೀನು."

ನನ್ನ ಹೆಂಡತಿ ಹೆಣಿಗೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಅವಳಿಗೆ ಗೊತ್ತಾಯಿತು ಎಂದು ಕಾಣುತ್ತದೆ. ಲೆಕ್ಕ ಬರುವವಳು.

ನಾನು ಎಪ್ಪತ್ತು ಎಂದವನು, ಹನ್ನೊಂದು ಸಾವಿರ ಎಂದವನು. ಈಗ ಹೇಳಬೇಕಾದದ್ದಕ್ಕೆ ಒಂದು ಸೊನ್ನೆಯನ್ನೂ ಸೇರಿಸಬೇಕಾಗಿರಲಿಲ್ಲ.

"ಅಂಟಣ್ಣ" ಎಂದೆ. "ನಾನು ಬಾಗಿಲಿಗೆ ಬಟ್ಟೆ ತುರುಕಿರಲಿಲ್ಲ."

ಅವನು ಬಗ್ಗಿ ಚಕ್ರಗಳನ್ನೇ ನೋಡುತ್ತಿದ್ದ.

"ನೀನು ಹೊರಗಿರೋದೇ ನನಗೆ ಗೊತ್ತಿರಲಿಲ್ಲ. ಮೂರು ವರ್ಷ, ಭಾನುವಾರ ಒಂದೂ ತಪ್ಪಿಸಿಲ್ಲ. ಕೆಲವು ದಿನ ಐದು ಸಲ, ಆರು ಸಲ. ಆ ಮುಳ್ಳು ಎಂಥದು ಅಂತ ನಿನಗೆ ಗೊತ್ತಲ್ಲ. ಗೀರೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಈಗ ಏನೂ ಉಳಿದಿಲ್ಲ."

ಅಂಟಣ್ಣ ಒಂದು ಕೈಯನ್ನು ಯಂತ್ರದ ಮೇಲಿಟ್ಟು ಹಾಗೇ ನಿಂತಿದ್ದ. ಹೊಸ ಟೇಪು ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಹರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಲು ಮೂವರಲ್ಲಿ ಯಾರೂ ಕೈ ಚಾಚಲಿಲ್ಲ.