ಮೇಡಂ ಗೂಡಿನ ಮೊಟ್ಟೆ

ಬೀಗ ರಿಪೇರಿಯವನಿಗೆ ಅನುಮಾನ ಹುಟ್ಟುವುದಕ್ಕೆ ಕಾರಣವೇ ಬೇಕಿಲ್ಲ. ಇಡೀ ಊರು ಕಳ್ಳರಿಗೆ ಹೆದರಿ ಅವನ ಅಂಗಡಿಗೆ ಬರುತ್ತದೆ, ಆ ಹೆದರಿಕೆಯಲ್ಲಿ ಅವನ ಹೊಟ್ಟೆ ತುಂಬುತ್ತದೆ. ಆ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು. ಪುಣ್ಯಾತ್ಮ ಮನೆಗೂ ಹೊತ್ತು ತಂದ.

ಹಿತ್ತಲಲ್ಲಿ ಕೋಳಿ ಸಾಕಲು ಹೊರಟಿದ್ದು ಗಂಡ ಹೆಂಡತಿ ಇಬ್ಬರೂ ಸೇರಿಯೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಇವನು ಅಂಗಡಿ ಮುಚ್ಚಿ ಬಂದರೆ, ಇವಳು ಹೊಲಿಗೆ ಮುಗಿಸಿ ಎದ್ದರೆ, ಮನೆ ಭಣಭಣ. ಮೊದಲು ಎರಡು ಕೋಳಿ ಬಂದವು, ಆಮೇಲೆ ‘ಪಾಪ, ಜೊತೆಗಿರಲಿ’ ಎಂದು ಇನ್ನೆರಡು. ನೋಡನೋಡುತ್ತ ಬಟ್ಟೆ ಒಣಹಾಕಲು ಜಾಗವಿಲ್ಲದಂತಾಯಿತು. ಒಂದೊಂದು ಕೋಳಿಗೂ ಹಲಗೆಯ ಗೂಡು ಮಾಡಿ ಇವನು ಕೈಯಾರೆ ಚಿಲಕ ಕೂರಿಸಿದ. ಇವಳು ಹೆಸರಿಟ್ಟಳು. ಗಿಡ್ಡದು ಕುಳ್ಳಿ. ಎಲ್ಲರ ತಪ್ಪು ಹುಡುಕುವಂತೆ ಕತ್ತೆತ್ತಿ ಓಡಾಡುವ ಹಳೆಯ ಕೋಳಿ ಮೇಡಂ. ಮೇಡಂ ಅಂದರೆ ಇವಳಿಗೆ ಪ್ರಾಣ.

ರಜೆಗೆ ಬಂದ ಅವನ ಅಕ್ಕ, “ಇಷ್ಟೊಂದು ಯಾಕೋ?” ಎಂದು ಕೇಳಿದಾಗ ಇವನು ಜಂಬದಿಂದ ಹೇಳಿದ: “ನಮ್ಮನೇಲಿ ಒಂದೇ ರೂಲು ಅಕ್ಕ. ಮೊಟ್ಟೆ ಇಡದೇ ಇರೋದಕ್ಕೆ ಇಲ್ಲಿ ಜಾಗ ಇಲ್ಲ. ಸೀದಾ ಮಾಂಸದಂಗಡಿಗೆ!” ಎಲ್ಲರೂ ನಕ್ಕರು. ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೊಂದು ಬೆಳಿಗ್ಗೆ ಅನುಮಾನ ಶುರುವಾಯಿತು. ಮೇಡಂ ಇಡುವುದು ಉದ್ದುದ್ದದ, ಕಡುಗಂದು ಮೊಟ್ಟೆ. ಅವತ್ತು ಅದರ ಗೂಡಿನಲ್ಲಿದ್ದದ್ದು ದುಂಡಗೆ, ಬೆಳ್ಳಗೆ, ಥೇಟ್ ಕುಳ್ಳಿಯ ಮೊಟ್ಟೆಯಂತೆ. ಕುಳ್ಳಿಯ ಗೂಡು ಖಾಲಿ.

“ಮೇಡಂಗೆ ವಯಸ್ಸಾಯ್ತು, ಬಣ್ಣ ಬದಲಾಗತ್ತೆ ರೀ,” ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

“ಆಕಾರನೂ ಬದಲಾಗತ್ತಾ?”

“ನನ್ನದೇ ಬದಲಾಗಿದೆ, ಅದರದೇನು ಮಹಾ!”

ಇವನಿಗೆ ನಗು ಬರಲಿಲ್ಲ. ಪಕ್ಕದ ಮನೆಯ ಕಂಡಕ್ಟರು ರಿಟೈರಾದ ಮೇಲೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುವುದನ್ನೇ ಕೆಲಸ ಮಾಡಿಕೊಂಡಿದ್ದರು. “ಇವತ್ತೆಷ್ಟಪ್ಪ ಮೊಟ್ಟೆ?” ಎಂದು ಕೇಳುತ್ತಿದ್ದರು. ಅದನ್ಯಾಕೆ ಕೇಳಬೇಕು? ಮೇಡಂ ಮೊಟ್ಟೆ ಕದ್ದು, ಗುರುತು ಸಿಗದಿರಲೆಂದು ಕುಳ್ಳಿಯದನ್ನು ಅಲ್ಲಿಟ್ಟಿದ್ದಾರೆ ಎಂದು ಇವನು ಲೆಕ್ಕ ಹಾಕಿದ. ಅವರು ನಮಸ್ಕಾರ ಅಂದರೆ ಮುಖ ತಿರುಗಿಸತೊಡಗಿದ. ಗೂಡುಗಳಿಗೆ ಹೊಸ ಚಿಲಕ ಹಾಕಿದ. ಕೆಳಗೆ ಒತ್ತಿ, ಆಮೇಲೆ ಎಳೆದರೆ ಮಾತ್ರ ಅದು ಬಿಚ್ಚುತ್ತಿತ್ತು. ಆ ಉಪಾಯವನ್ನು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ತೋರಿಸಲಿಲ್ಲ.

ಮಾರನೆಯ ಬೆಳಿಗ್ಗೆ ಮೇಡಂ ಗೂಡಿನಲ್ಲಿ ಮತ್ತೆ ದುಂಡನೆಯ ಮೊಟ್ಟೆ. ಚಿಲಕಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಆ ಚಿಲಕ ಬಿಚ್ಚುವುದು ಗೊತ್ತಿದ್ದದ್ದು ಇಬ್ಬರಿಗೇ. ಹಾಗಾದರೆ ಇವಳೇ! ಮೇಡಂ ಮೊಟ್ಟೆಯನ್ನು ಯಾರಿಗೆ ಸಾಗಿಸುತ್ತಿದ್ದಾಳೆ? ತವರಿಗಾ? ಮೊಟ್ಟೆ ಹಾಳಾಗಿ ಹೋಗಲಿ, ನನ್ನ ಮುಖಕ್ಕೇ ಸುಳ್ಳು ಹೇಳುವುದನ್ನು ಯಾವಾಗ ಕಲಿತಳು? ಬಡಿಸುವಾಗ ಅವಳ ಕೈ, ಫೋನಿನಲ್ಲಿ ಅವಳ ಪಿಸುಮಾತು, ಎಲ್ಲದರ ಮೇಲೂ ಇವನ ಕಣ್ಣು. ಬಾಯಿ ಬಿಡಿಸೋಣವೆಂದು ಒಂದು ಪಟ್ಟು ಹಾಕಿದ. “ಮೇಡಂ ಯಾಕೋ ಸರಿಯಿಲ್ಲ. ಭಾನುವಾರ ಮಾಂಸದಂಗಡಿಯವರಿಗೆ ಬಂದು ನೋಡೋಕೆ ಹೇಳಿದೀನಿ,” ಎಂದ. ನಿಜಕ್ಕೂ ಹೇಳಿಬಂದಿದ್ದ. ಅವಳು ಎದ್ದು ಹೋಗಿ ಮೇಡಂಗೆ ಕಾಳು ಹಾಕಿದಳು.

ಭಾನುವಾರ ಬೆಳಕು ಹರಿಯುವಾಗ ನೀರಿನ ಟ್ಯಾಂಕಿನ ಹಿಂದೆ ಅವಿತು ಕೂತ. ಹೆಂಡತಿ ಬಂದಳು. ಕುಳ್ಳಿಯ ಗೂಡಿನಿಂದ ಮೊಟ್ಟೆ ತೆಗೆದು, ಮೇಡಂ ಬೆನ್ನು ಸವರಿ, ಅದರ ಹೊಟ್ಟೆಯಡಿ ಮೆಲ್ಲಗೆ ಸರಿಸಿದಳು.

“ಮೇಡಂ ಮೊಟ್ಟೆ ಯಾರಿಗೆ ಕೊಡ್ತಿದೀಯ?” ಎನ್ನುತ್ತ ಇವನು ಎದ್ದು ಬಂದ.

ಅವಳು ಬೆಚ್ಚಿಬಿದ್ದಳು. “ಯಾರಿಗೂ ಇಲ್ಲ. ಅದು ಮೊಟ್ಟೆ ಇಡೋದು ನಿಲ್ಲಿಸಿ ಎಷ್ಟೋ ದಿನ ಆಯ್ತು.”

“ಮತ್ತೆ ಈ ನಾಟಕ ಯಾಕೆ? ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ನಿಮ್ಮ ರೂಲು ಇತ್ತಲ್ಲ.”

“ಅಯ್ಯೋ, ತಮಾಷೆಗೆ ಅಂದಿದ್ದು ಕಣೇ! ಅದೂ ಕೋಳಿ ವಿಷಯ.”

“ಅಕ್ಕನ ಮುಂದೆ ಅಂದ್ರಿ. ಎಲ್ಲರೂ ನಕ್ರು.” ಅವಳು ಗೂಡಿನ ಚಿಲಕ ಹಾಕಿದಳು. “ನಾನೂ ಕೋಳಿ ವಿಷಯಾನೇ ಹೇಳ್ತಿರೋದು.”

ಅವಳು ಒಳಗೆ ಹೋದಳು. ಇವನು ಅಲ್ಲೇ ನಿಂತ. ಇಷ್ಟು ದಿನ ಕಳ್ಳನಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ತನ್ನ ಹೆಂಡತಿ ತನಗೇ ಹೆದರಿಕೊಂಡು ಈ ಮನೆಯಲ್ಲಿದ್ದಾಳೆಂದು ಹೊಳೆದಿರಲಿಲ್ಲ. ನಾಚಿಕೆಯಿಂದ ಅವನಿಗೆ ಅಳು ಬಂತು.

ಬಿಸಿಲೇರುವ ಹೊತ್ತಿಗೆ ಮಾಂಸದಂಗಡಿಯವನು ಗೇಟಿನ ಬಳಿ ಸೈಕಲ್ ನಿಲ್ಲಿಸಿದ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಕಂಡಕ್ಟರು ಕಾಂಪೌಂಡಿನ ಮೇಲೆ ಮೊಣಕೈ ಊರಿದ್ದರು.

“ಎಲ್ಲಣ್ಣ ಆ ಹಳೇ ಕೋಳಿ?” ಎಂದ ಮಾಂಸದಂಗಡಿಯವನು.

“ಕೊಡಲ್ಲ.”

“ಮೊಟ್ಟೆ ಇಡ್ತಿದೆಯಾ ಹಾಗಾದ್ರೆ?”

“ಇಲ್ಲ. ಇಡೋದೂ ಬೇಡ,” ಎಂದ ಇವನು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. “ಅದು ನಮ್ಮನೇದು. ಸುಮ್ಮನೆ ಇರ್ಲಿ ಸಾಕು.”

ಒಳಗೆ ಹೊಲಿಗೆ ಯಂತ್ರ ನಿಂತಿತು.