ವಾರಂಟಿನ ಜೀಪಿನಲ್ಲಿ ಬಂದ ಸಾಕ್ಷಿ

ನರ್ಸಕ್ಕನ ಮೇಲೆ ಎಷ್ಟು ಕೇಸುಗಳಿವೆ ಎಂದು ಯಾರಾದರೂ ಕೇಳಿದರೆ ಅವಳು ಅತ್ತೆಯ ಕಡೆ ಕೈ ತೋರಿಸುತ್ತಿದ್ದಳು. ಅತ್ತೆಗೆ ಎಲ್ಲವೂ ಬಾಯಿಪಾಠ. ರಸ್ತೆ ತಡೆದದ್ದು ಒಂದು, ಕಾರ್ಖಾನೆಗೆ ಅಪ್ಪಣೆಯಿಲ್ಲದೆ ನುಗ್ಗಿದ್ದು ಒಂದು, ಕಾವಲುಗಾರನಿಗೆ ಕೊಡೆಯಿಂದ ತಿವಿದದ್ದು ಒಂದು. ಯಾವುದೋ ದೂರದ ಊರಿನಲ್ಲಿ, ನರ್ಸಕ್ಕ ಮುಖವನ್ನೇ ಕಾಣದ ಒಬ್ಬ ಗಡಿಯಾರ ರಿಪೇರಿಯವನ ಮನಸ್ಸು ಅವಳ ಭಾಷಣದಿಂದ ನೊಂದದ್ದು ಇನ್ನೊಂದು.

"ಪಾಪ, ತುಂಬಾ ಸೂಕ್ಷ್ಮ ಮನಸ್ಸು ಅವನದು," ಎನ್ನುತ್ತಿದ್ದರು ಅತ್ತೆ. "ಭಾಷಣ ಇಲ್ಲಿ ಮಾಡಿದ್ದು, ಅಲ್ಲಿ ಕೂತು ನೊಂದಿದಾನೆ."

ಇಷ್ಟಕ್ಕೂ ನರ್ಸಕ್ಕ ಜಗಳಗಂಟಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಲೇ ತಲೆ ನರೆಸಿಕೊಂಡವಳು. ಅಲ್ಲಿಗೆ ಬರುವ ಹೆಂಗಸರೆಲ್ಲ ಮೆಟ್ಟಿಲಿನಿಂದ ಬಿದ್ದವರೇ. ಮೆಟ್ಟಿಲೇ ಇಲ್ಲದ ಮನೆಯವರೂ ಮೆಟ್ಟಿಲಿನಿಂದ ಬಿದ್ದು ಬರುತ್ತಿದ್ದರು. ಒಂದು ದಿನ ಅವಳು ಒಬ್ಬಾಕೆಗೆ ಹೊಲಿಗೆ ಹಾಕುತ್ತಾ, "ಆ ಮೆಟ್ಟಿಲು ಕುಡಿದು ಬಂದಿತ್ತೇನಮ್ಮಾ?" ಎಂದು ಕೇಳಿದಳು. ಆ ಹೆಂಗಸು ಮೊದಲು ನಕ್ಕಳು, ಆಮೇಲೆ ಅಳುತ್ತಾ ಎಲ್ಲ ಹೇಳಿದಳು. ಅವತ್ತು ಹತ್ತಿದ ಚಟ ಬಿಡಲಿಲ್ಲ. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ಕೂತಳು. ಬಂದವರ ಗಾಯ ತೊಳೆಯುವುದು, ಮಾತು ಕೇಳುವುದು, ಅವರ ಜೊತೆ ಸ್ಟೇಷನ್ನಿಗೂ ಕೋರ್ಟಿಗೂ ಹೋಗುವುದು, ಇಷ್ಟೇ ಅವಳ ಕೆಲಸ.

ಹೊಲಿಗೆ ಕಾರ್ಖಾನೆಯ ಹುಡುಗಿ ಬಂದದ್ದೂ ಆ ಕೋಣೆಗೇ. ಬಟ್ಟೆ ಇಡುವ ಉಗ್ರಾಣದಲ್ಲಿ ಮ್ಯಾನೇಜರ್ ಅವಳನ್ನು ಕೂಡಿಹಾಕಿ ಕೈ ಹಿಡಿದಿದ್ದ. ಅವಳು ಬಿಡಿಸಿಕೊಳ್ಳಲು ಹೋದಾಗ ಮಣಿಕಟ್ಟು ಮುರಿಯುವವರೆಗೂ ತಿರುಚಿದ್ದ. ಕೈ ಊದಿಕೊಳ್ಳುವ ಮೊದಲು ಅದರ ಮೇಲಿದ್ದ ಬೆರಳಿನ ಗುರುತುಗಳನ್ನು ಕಂಡವಳು ನರ್ಸಕ್ಕ ಒಬ್ಬಳೇ. ಮರುದಿನ ಕಾರ್ಖಾನೆಯ ಡಾಕ್ಟರು, ಹುಡುಗಿ ಮೆಟ್ಟಿಲಿನಿಂದ ಬಿದ್ದಳು ಎಂದು ಬರೆದುಕೊಟ್ಟರು. ಮ್ಯಾನೇಜರ್ ಕಾರ್ಖಾನೆಯ ಯಜಮಾನರ ಹೆಂಡತಿಯ ತಮ್ಮ. ಯಜಮಾನರು ಊರಿನ ಅರ್ಧಕ್ಕೆ ಕೆಲಸ ಕೊಟ್ಟವರು, ಇನ್ನರ್ಧಕ್ಕೆ ಕೆಲಸ ಕೊಡುತ್ತೇನೆ ಎಂದವರು.

ನರ್ಸಕ್ಕನ ಮೇಲೆ ಕೇಸುಗಳು ಹುಟ್ಟಲು ಶುರುವಾದದ್ದು ಆಮೇಲೆ. ಹುಡುಗಿ ಕೋರ್ಟಿನಲ್ಲಿ ತನ್ನ ಮಾತು ಹೇಳಿ ಮುಗಿಸಿದ್ದಳು. ಉಳಿದದ್ದು ನರ್ಸಕ್ಕನ ಸಾಕ್ಷಿ. ಆದರೆ ಆ ಸಾಕ್ಷಿಗೆ ದಿನ ಗೊತ್ತಾದಾಗಲೆಲ್ಲ ಅದೇ ದಿನ ಬೇರೆ ಊರಿನ ಕೋರ್ಟಿನಲ್ಲಿ ಅವಳ ಮೇಲಿನ ಒಂದು ಕೇಸು ಎದ್ದು ಕೂರುತ್ತಿತ್ತು. ಇಲ್ಲಿಗೆ ಹೋದರೆ ಅಲ್ಲಿ ವಾರಂಟು, ಅಲ್ಲಿಗೆ ಹೋದರೆ ಇಲ್ಲಿ ಗೈರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಗೆಲ್ಲದೆ ಸೋಲದೆ ಬರೀ ವಾಯಿದೆಗೆ ಅಲೆಯುವವಳು ಏನಾದಳು ಎಂದು ಗಾದೆ ಕಟ್ಟಿದವರು ಹೇಳಲಿಲ್ಲ. ಅವರಿಗೂ ಎಲ್ಲೋ ವಾಯಿದೆ ಇತ್ತೋ ಏನೋ.

ಕೊನೆಗೆ ನ್ಯಾಯಾಧೀಶರು ಬೇಸತ್ತು, ಬರುವ ಶುಕ್ರವಾರ ಸಾಕ್ಷಿ ಹಾಜರಾಗದಿದ್ದರೆ ಸಾಕ್ಷಿಯೇ ಇಲ್ಲವೆಂದು ಮುಂದುವರಿಯುತ್ತೇನೆ ಎಂದುಬಿಟ್ಟರು. ಹುಡುಗಿ ಅವತ್ತು ಸಂಜೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾ, ಶುಕ್ರವಾರ ನೀವು ಬರದಿದ್ರೆ ನಾನು ರಾಜಿಗೆ ಸಹಿ ಹಾಕಿಬಿಡ್ತೀನಿ. ಮನೇಲಿ ಅಮ್ಮ ದಿನಾ ಅಳ್ತಾಳೆ. ನನ್ನ ಕೈಲಿ ಇನ್ನು ಆಗಲ್ಲ."

"ಬರ್ತೀನಿ ಕಣೇ," ಎಂದಳು ನರ್ಸಕ್ಕ. ಆ ಶುಕ್ರವಾರ ಬೇರೆಲ್ಲೂ ವಾಯಿದೆ ಇರಲಿಲ್ಲ. ಅತ್ತೆ ಎರಡು ಸಲ ನೆನಪು ಮಾಡಿಕೊಂಡು ಖಾತ್ರಿ ಮಾಡಿದ್ದರು.

ಶುಕ್ರವಾರ ಬೆಳಿಗ್ಗೆ ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಹೊಸದಾಗಿ ವರ್ಗವಾಗಿ ಬಂದ ಇನ್ಸ್‌ಪೆಕ್ಟರ್ ಇಳಿದು ಬಂದು, ಗಡಿಯಾರ ರಿಪೇರಿಯವನ ಕೇಸಿನ ವಾರಂಟು ತೋರಿಸಿದ. ಹಿಂದೊಮ್ಮೆ ಅಲ್ಲಿಗೆ ಹೋಗಲಾಗದೆ ಹುಟ್ಟಿದ ವಾರಂಟು ಅದು. ಇಷ್ಟು ದಿನ ಸ್ಟೇಷನ್ನಿನ ಡ್ರಾಯರಿನಲ್ಲಿ ನೆಮ್ಮದಿಯಾಗಿ ಮಲಗಿತ್ತು.

ನರ್ಸಕ್ಕ ಹೆದರಿದಳು. ಜೈಲಿನ ಭಯವಲ್ಲ. ಹುಡುಗಿ ಈಗಾಗಲೇ ಕೋರ್ಟಿನ ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿರುತ್ತಾಳೆ, ಪಕ್ಕದಲ್ಲಿ ಯಾರೋ ರಾಜಿಯ ಕಾಗದ ಹಿಡಿದುಕೊಂಡಿರುತ್ತಾರೆ ಎಂದು ನೆನೆದಳು. ಜೀಪು ಹತ್ತಿದಳು.

ಸ್ಟೇಷನ್ನಿನಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಇನ್ಸ್‌ಪೆಕ್ಟರ್ ಹಿರಿಯ ಪೇದೆಯನ್ನು ಕೇಳಿದ: "ಇವರನ್ನ ಏನು ಮಾಡೋದು?"

"ಹಿಡೀರಿ ಅಂತ ಮೇಲಿಂದ ಫೋನು ಬಂದಿತ್ತು ಸಾರ್. ಹಿಡಿದಾಯ್ತಲ್ಲ."

"ಯಾಕೆ ಅಂತ ಹೇಳಿದ್ರಾ?"

ಪೇದೆ ಅವನನ್ನು ಮರುಕದಿಂದ ನೋಡಿದ. ದೊಡ್ಡವರು ಸಣ್ಣವರಿಗೆ ಕೆಲಸ ಹೇಳುತ್ತಾರೆ, ಕಾರಣ ಹೇಳುವುದಿಲ್ಲ. ಇನ್ನೊಂದು ವಿಷಯವನ್ನೂ ಅವನು ಹೊಸಬನಿಗೆ ತಿಳಿಸಿದ. ಹಿಡಿದು ತಂದವರ ಊಟಕ್ಕೆ ಈ ಸ್ಟೇಷನ್ನಿಗೆ ಮೇಲಿನಿಂದ ಬಿಡಿಗಾಸೂ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಹಿಡಿದವರನ್ನು ಬೆಳಿಗ್ಗೆಯೇ ಕೋರ್ಟಿಗೆ ಒಪ್ಪಿಸುವುದು ಇಲ್ಲಿನ ಪದ್ಧತಿ. ಮಧ್ಯಾಹ್ನ ದಾಟಿತೋ, ಊಟ ಸಾಹೇಬರ ಜೇಬಿನಿಂದ.

"ಆದ್ರೂ ಸಂಜೆವರೆಗೆ ಇಲ್ಲೇ ಇರಲಿ ಬಿಡಿ," ಎಂದ ಇನ್ಸ್‌ಪೆಕ್ಟರ್. "ಆಮೇಲೆ ನೋಡೋಣ."

ಊರಿಗಿದ್ದದ್ದು ಒಂದೇ ಕೋರ್ಟು, ಹುಡುಗಿ ಕಾಯುತ್ತಿದ್ದದ್ದೂ ಅಲ್ಲೇ. ವಾರಂಟು ಬೇರೆ ಊರಿನದಾದರೂ, ಒಪ್ಪಿಸಿದರೆ ಮೊದಲು ಅಲ್ಲಿಗೇ ಒಪ್ಪಿಸಬೇಕು. ನರ್ಸಕ್ಕನಿಗೆ ಇದು ಹೊಳೆದ ಕೂಡಲೇ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಇರ್ತೀನಿ ಬಿಡಪ್ಪಾ, ನನಗೇನು," ಎಂದಳು. "ಆದ್ರೆ ನನಗೆ ಸಕ್ಕರೆ ಕಾಯಿಲೆ ಇದೆ. ಹೊತ್ತಿಗೆ ಸರಿಯಾಗಿ ಊಟ ಬೇಕು. ನಡುವೆ ಹಣ್ಣು, ಸಂಜೆ ಸಕ್ಕರೆ ಇಲ್ಲದ ಟೀ. ತಲೆ ತಿರುಗಿ ಬಿದ್ರೆ ಆಸ್ಪತ್ರೆಗೂ ನೀವೇ ಕರ್ಕೊಂಡು ಹೋಗ್ಬೇಕಾಗುತ್ತೆ."

ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೆ ಹಾಗೆ ಹೇಳಬಾರದೆಂದು ಯಾವ ಕೋರ್ಟೂ ತಡೆಯಾಜ್ಞೆ ಕೊಟ್ಟಿರಲಿಲ್ಲ. ಇನ್ಸ್‌ಪೆಕ್ಟರ್ ಒಮ್ಮೆ ಅವಳನ್ನೂ ಒಮ್ಮೆ ತನ್ನ ಜೇಬನ್ನೂ ನೋಡಿಕೊಂಡು, "ಜೀಪು ತೆಗೀರಿ," ಎಂದ. ದಾರಿಯುದ್ದಕ್ಕೂ ನರ್ಸಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದದ್ದು ಅವಳ ಜನ್ಮದಲ್ಲೇ ಮೊದಲು.

ಕೋರ್ಟಿನ ಹಾಲಿನಲ್ಲಿ ಜವಾನ ಅವಳ ಹೆಸರನ್ನು ಆಗಲೇ ಎರಡು ಸಲ ಕೂಗಿದ್ದ. ಮ್ಯಾನೇಜರನ ವಕೀಲರು ಕೋಟಿನ ಗುಂಡಿ ಹಾಕಿಕೊಂಡು, "ಸ್ವಾಮಿ, ಎಂದಿನಂತೆ ಸಾಕ್ಷಿ ಬಂದಿಲ್ಲ," ಎಂದು ವಿನಯದಿಂದ ಹೇಳುತ್ತಿದ್ದರು. ಮೂರನೇ ಸಲ ಕೂಗುವಾಗ ಹಿಂದಿನ ಬಾಗಿಲಿನಿಂದ, ಮಹಿಳಾ ಪೇದೆಯ ಕೈಯೊಳಗೆ ಕೈಯಿಟ್ಟುಕೊಂಡು ಬಂದ ನರ್ಸಕ್ಕ, "ಇದೀನಿ ಸ್ವಾಮಿ," ಎಂದಳು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವಂತೆ ಮ್ಯಾನೇಜರ್ ಅವಳನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರನನ್ನು ನೋಡಿದ. ಇನ್ಸ್‌ಪೆಕ್ಟರ್ ಕರ್ತವ್ಯ ಮುಗಿಸಿದವನ ತೃಪ್ತಿಯಲ್ಲಿ ಸೆಲ್ಯೂಟ್ ಹೊಡೆದ.

"ಸ್ವಾಮಿ, ಈಕೆ ಈಗ ಆರೋಪಿ. ಬಂಧನದಲ್ಲಿದ್ದಾಳೆ," ಎಂದರು ವಕೀಲರು.

"ಬಂಧನದಲ್ಲಿದ್ದಾರೆ ಅಂದ್ರೆ ಹಾಜರಿದ್ದಾರೆ ಅಂತಾಯ್ತು," ಎಂದರು ನ್ಯಾಯಾಧೀಶರು. "ಹತ್ತಿಸಿ."

ನರ್ಸಕ್ಕ ಕಟಕಟೆ ಹತ್ತಿ ಕಂಡದ್ದನ್ನು ಕಂಡಹಾಗೆ ಹೇಳಿದಳು. ಹೆಬ್ಬೆರಳಿನ ಗುರುತು ಎಲ್ಲಿತ್ತು, ಉಳಿದ ಬೆರಳುಗಳದ್ದು ಎಲ್ಲಿತ್ತು ಎಂದು ತನ್ನ ಮಣಿಕಟ್ಟಿನ ಮೇಲೇ ತೋರಿಸಿದಳು. ಪಾಟೀಸವಾಲಿಗೆ ಎದ್ದ ವಕೀಲರು, "ನಿಮ್ಮ ಮೇಲೆ ಎಷ್ಟು ಕೇಸುಗಳಿವೆ?" ಎಂದು ಜೋರಾಗಿ ಕೇಳಿದರು.

"ನಿಮಗೇ ಚೆನ್ನಾಗಿ ಗೊತ್ತಲ್ಲ ಸ್ವಾಮಿ. ಹಾಕಿಸಿದವರಿಗೆ ಲೆಕ್ಕ ಇರುತ್ತೆ."

"ಆ ಗುರುತು ಮೆಟ್ಟಿಲಿನಿಂದ ಬಿದ್ದದ್ದರಿಂದ ಆಗಿರಬಾರದೇ?"

"ಆಗಬಹುದು ಸ್ವಾಮಿ. ಮೆಟ್ಟಿಲಿಗೆ ಐದು ಬೆರಳಿದ್ರೆ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ನಗಲಿಲ್ಲ. ಅವಳು ಪಕ್ಕದಲ್ಲಿದ್ದವನ ಕೈಯಿಂದ ರಾಜಿಯ ಕಾಗದ ತೆಗೆದುಕೊಂಡು, ನಿಧಾನವಾಗಿ ಮಡಿಸಿ, ಅವನ ಜೇಬಿಗೇ ತುರುಕಿದಳು.

ಸಾಕ್ಷಿ ದಾಖಲಾಯಿತು. ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು, ವಾರಂಟು ಬೇರೆ ಕೋರ್ಟಿನದು, ಅಲ್ಲಿಗೇ ಒಪ್ಪಿಸಬೇಕು, ತನ್ನ ಕೈಲಿರುವುದು ಇಷ್ಟೇ ಎಂದರು. ಜೀಪು ಆ ಊರು ಮುಟ್ಟುವಷ್ಟರಲ್ಲಿ ಕೋರ್ಟು ಮುಚ್ಚಿತ್ತು. ಎರಡು ದಿನ ರಜೆ. ನರ್ಸಕ್ಕ ಆ ಎರಡು ದಿನವೂ ಜೈಲಿನಲ್ಲಿ ಅಕ್ಕಪಕ್ಕದವರ ಗಾಯಗಳನ್ನು ನೋಡುತ್ತಾ ಕಳೆದಳು. ಅಲ್ಲಿಯೂ ಮೆಟ್ಟಿಲಿನಿಂದ ಬಿದ್ದವರಿದ್ದರು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಸಾಕ್ಷಿ ಹೇಳಿದ ಸಮಾಧಾನ ಹೊಟ್ಟೆಯಲ್ಲಿ ಬೆಚ್ಚಗಿತ್ತು.

ಸೋಮವಾರ ಜಾಮೀನು ಸಿಕ್ಕಿ ಅವಳು ಮನೆ ಮುಟ್ಟಿದಾಗ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಅವಳ ಕುರ್ಚಿಯಲ್ಲಿ ಹುಡುಗಿ ಕೂತಿದ್ದಳು. ಮೂರು ದಿನದಿಂದ ಬಂದವರ ಮಾತನ್ನೆಲ್ಲ ಅವಳೇ ಕೇಳಿಸಿಕೊಂಡಿದ್ದಳಂತೆ. ಅತ್ತೆ ಎದುರಿಗೆ ಕೂತು ಏನನ್ನೋ ಕಲಿಸುತ್ತಿದ್ದರು.

"ಜಡ್ಜು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಇವಳ ಥರ ಎದುರುತ್ತರ ಕೊಡಬೇಡ. ನೀರಿನ ಬಾಟ್ಲಿ ಇಟ್ಕೋ. ಬೆಂಚಿನ ತುದೀಲಿ ಕೂತ್ಕೋಬೇಡ, ಮೊಳೆ ಇರುತ್ತೆ."

"ಯಾತಕ್ಕತ್ತೆ ಇದೆಲ್ಲ?" ಎಂದಳು ನರ್ಸಕ್ಕ. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತು.

ಹುಡುಗಿ ತನ್ನ ಹೆಸರಿನ ಸಮನ್ಸು ಚಾಚಿದಳು. ಅವತ್ತು ಬೆಳಿಗ್ಗೆ ಬಂದದ್ದು; ಕೋರ್ಟಿಗೆ ರಜೆಯಿದ್ದರೂ ಯಜಮಾನರ ಕೆಲಸಕ್ಕೆ ರಜೆಯಿರಲಿಲ್ಲ. ಕೋರ್ಟಿನ ಅಂಗಳದಲ್ಲಿ ಮ್ಯಾನೇಜರನನ್ನು ದುರುಗುಟ್ಟಿ ನೋಡಿ ಜೀವಭಯ ಉಂಟುಮಾಡಿದಳೆಂದು ಒಂದು ದೂರು. ದೂರು ಹಾಕಿದ ಊರು ಇಬ್ಬರೂ ಕಂಡು ಕೇಳದ್ದು. ಜೈಲಿನಲ್ಲಿ ಬಾರದ ಅಳು ನರ್ಸಕ್ಕನಿಗೆ ಈಗ ಬಂತು. ತಾನು ಬಿಡಿಸಲು ಹೋದವಳನ್ನು ತನ್ನ ಬಂಡಿಗೇ ಹತ್ತಿಸಿಕೊಂಡೆನಲ್ಲ ಎಂದುಕೊಂಡಳು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹುಡುಗಿ ಎದ್ದು ಬಂದು, ಮುರಿದು ಕೂಡಿದ ಕೈಯನ್ನು ಅವಳ ಹೆಗಲ ಮೇಲಿಟ್ಟಳು.

"ಅಕ್ಕಾ, ಅಳೋದು ಆಮೇಲೆ. ಆ ಊರಿಗೆ ಬಸ್ಸು ಎಲ್ಲಿ ಸಿಗುತ್ತೆ ಹೇಳಿ."

"ನಾನೇ ಬರ್ತೀನಿ ನಡಿ," ಎಂದು ನರ್ಸಕ್ಕ ಕಣ್ಣೊರೆಸಿಕೊಂಡು ತಾರೀಖು ನೋಡಿದಳು.

"ನೋಡಬೇಡ, ನಾನು ಆಗಲೇ ನೋಡಾಯ್ತು," ಎಂದರು ಅತ್ತೆ. "ಅವತ್ತು ನಿನ್ನ ಕೊಡೆ ಕೇಸಿದೆ. ನೀನು ಅಲ್ಲಿಗೆ ಹೋಗು. ಇವಳ ಜೊತೆ ನಾನು ಹೋಗ್ತೀನಿ. ಸದ್ಯಕ್ಕೆ ನನ್ನ ಮೇಲೆ ಯಾವ ಕೇಸೂ ಇಲ್ಲ."