ಕಾಂಪೌಂಡರ್ ಎಲಿಯಾಸರು ಹೇಳಿದ ಕಂತು

ಟೀವಿಯೊಳಗೆ ಗೆಜ್ಜೆ ಝಲ್ಲೆಂದರೆ ಸಾಕು, ಎಲಿಯಾಸರು ತಮ್ಮ ಮಾಸಿದ ಹ್ಯಾಟನ್ನು ಹಣೆಯಿಂದ ಮೂಗಿನವರೆಗೆ ಎಳೆದುಕೊಂಡುಬಿಡುತ್ತಿದ್ದರು. ಐವತ್ತೆಂಟರ ಪ್ರಾಯ; ಮೂವತ್ತೊಂದು ವರ್ಷದಿಂದ ಹೊಂಗಡಹಳ್ಳದಾಚೆಯ ಎಸ್ಟೇಟೊಂದರ ದವಾಖಾನೆಯಲ್ಲಿ ಕಾಂಪೌಂಡರು; ಹಾವು ಕಚ್ಚಿದ ಕಾಲನ್ನೂ ಕತ್ತಿ ತಗಲಿ ಬಾಯ್ದೆರೆದ ಗಾಯವನ್ನೂ ಕಣ್ಣು ಮಿಟುಕಿಸದೆ ನೋಡಿದ ಮನುಷ್ಯ. ದೆವ್ವವೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಆದರೂ ಗುರುವಾರ ಸಂಜೆ ಏಳು ಗಂಟೆಯ ಆ ದೆವ್ವದ ಧಾರಾವಾಹಿಯ ಒಂದು ಕಂತನ್ನೂ ಅವರು ತಪ್ಪಿಸಿದವರಲ್ಲ. ಹ್ಯಾಟಿನ ಕತ್ತಲೊಳಗಿಂದಲೇ ಹೆಂಡತಿ ಡೆಲ್ಸಿಬಾಯಿಯನ್ನು "ಹೋಯ್ತಾ ಅದು?" ಎಂದು ಕೇಳುವುದು, ಆಕೆ ಬೇಕೆಂದೇ "ಹೋಯ್ತು, ತೆಗೀರಿ" ಎಂದು ಅವರನ್ನು ಬೆಚ್ಚಿಬೀಳಿಸುವುದು, ಜಗಲಿ ತುಂಬ ಕೂತ ಕೂಲಿಲೈನಿನ ಹೆಂಗಸರು ದೆವ್ವವನ್ನು ಮರೆತು ನಗುವುದು, ಇವೆಲ್ಲ ಧಾರಾವಾಹಿಯ ಅಂಗವೇ ಆಗಿಹೋಗಿದ್ದವು. ಕರೆಂಟಿನ ನೆಚ್ಚಿಕೆಯಿಲ್ಲದ ಆ ದಿನಗಳಲ್ಲಿ, ಜೀಪಿನ ಹಳೇ ಬ್ಯಾಟರಿಗೆ ತಂತಿ ಸಿಕ್ಕಿಸಿ ನಡೆಯುತ್ತಿದ್ದ ಅವರ ಪುಟ್ಟ ಕಪ್ಪುಬಿಳುಪು ಟೀವಿಯೇ ಲೈನಿನ ನಲವತ್ತು ಮನೆಗೂ ಗತಿ.

ಸಪಾಟು ನೆಲದ ಮೇಲೂ ಏರು ಹತ್ತುವವರ ಹಾಗೆ ಮುಂದಕ್ಕೆ ಬಾಗಿ ನಡೆಯುವ ಅವರನ್ನು ಅರ್ಧ ಮೈಲಿ ದೂರದಿಂದಲೇ ಗುರುತಿಸಬಹುದಾಗಿತ್ತು. ಬೇಸಿಗೆಯಲ್ಲೂ ಬಿಡದ ಖಾಕಿ ಕೋಟು. ಅದರ ಎಡಜೇಬಿನಲ್ಲಿ ಥರ್ಮಾಮೀಟರು, ಬಲಜೇಬಿನಲ್ಲಿ ಮಕ್ಕಳಿಗೆಂದು ಪೆಪ್ಪರ್‌ಮೆಂಟು. ಔಷಧದ ಹನಿಯನ್ನು ಎಣಿಸುವಷ್ಟೇ ಜಾಗರೂಕತೆಯಿಂದ ಮಾತನ್ನೂ ಎಣಿಸುತ್ತಿದ್ದರು. ಜ್ವರ ನಾಳೆ ಬಿಡುತ್ತದೆಯೇ ಎಂದು ಕೇಳಿದರೆ, "ಖಂಡಿತ ಅಂತ ಹೇಳಲಿಕ್ಕಾಗ್ದು ಮಾರಾಯ." ಯಸಳೂರಿನ ಬಸ್ಸು ಬರುತ್ತದೆಯೇ ಎಂದರೂ ಅದೇ ಉತ್ತರ. ಸುಳ್ಳಾಡುವುದಿರಲಿ, ಸುಳ್ಳಾದೀತೆಂಬ ಮಾತನ್ನೂ ಆಡಲಾರದ ಸ್ವಭಾವ. ಮದುವೆಯ ದಿನ ಪಾದ್ರಿಗಳು ಒಪ್ಪಿಗೆ ಕೇಳಿದಾಗಲೂ ಇವರು ಅದನ್ನೇ ಹೇಳಹೊರಟಿದ್ದರೆಂದು ಡೆಲ್ಸಿಬಾಯಿ ಹಾಸ್ಯ ಮಾಡುತ್ತಿದ್ದರು.

ಆ ಮಾತು ಅವರ ಎದೆಯಲ್ಲೇ ಮುಳ್ಳಾಗಿ ಮುರಿದದ್ದು ಪುಷ್ಪಾಳ ವಿಷಯದಲ್ಲಿ. ಲೈನಿನ ರಾಮಮ್ಮನ ಒಬ್ಬಳೇ ಮಗಳು ಪುಷ್ಪಾ. ಗಂಡ ಮೊದಲೇ ಬಿಟ್ಟುಹೋಗಿದ್ದ, ತುಂಬು ಬಸುರಿ. ನೋವು ಅಡ್ಡತಿರುಗಿದ ಆ ಮಧ್ಯಾಹ್ನ, ಸಕಲೇಶಪುರದ ಆಸ್ಪತ್ರೆಗೆಂದು ಎಸ್ಟೇಟಿನ ಜೀಪಿನಲ್ಲಿ ಮಲಗಿಸಿದಾಗ ರಾಮಮ್ಮ ಎಲಿಯಾಸರ ಕೋಟು ಹಿಡಿದು, "ಉಳೀತಾಳಾ ಕಾಂಪೌಂಡ್ರೇ?" ಎಂದಿದ್ದಳು. ಅವರು ಎಂದಿನಂತೆ, "ಖಂಡಿತ ಅಂತ ಹೇಳಲಿಕ್ಕಾಗ್ದು" ಅಂದಿದ್ದರು. ಮಗು ದಾರಿಯಲ್ಲೇ ಅವರ ಕೈಗೆ ಬಂತು; ತಾಯಿ ಜೀವಸಹಿತ ಆಸ್ಪತ್ರೆ ಮುಟ್ಟಲಿಲ್ಲ. ಸುತ್ತಲು ಬೇರೆ ಬಟ್ಟೆಯಿಲ್ಲದೆ, ಆ ಹೆಣ್ಣುಕೂಸನ್ನು ಖಾಕಿ ಕೋಟಿನಲ್ಲೇ ಸುತ್ತಿ ತಂದು ಅಜ್ಜಿಯ ಮಡಿಲಿಗೆ ಹಾಕಿದ್ದರು. ಅಂದಿನಿಂದ ದಿನವೂ ಸಂಜೆ ದವಾಖಾನೆ ಮುಚ್ಚಿದ ಮೇಲೆ ರಾಮಮ್ಮನ ಬಾಗಿಲಿಗೆ ಹೋಗಿ, ಮಗು ಸ್ನೇಹಾಳ ಹಣೆ ಮುಟ್ಟಿ ನೋಡಿ ಬರುವುದು ಅವರ ವ್ರತವಾಯಿತು.

ಮಗುವಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಧಾರಾವಾಹಿಯಲ್ಲಿ ಬಾಣಂತಿ ದೆವ್ವದ ಕಥೆ ಬಂತು. ಹೆರಿಗೆಯಲ್ಲಿ ಸತ್ತವಳು ಬಿಳಿಸೀರೆಯುಟ್ಟು ಮನೆಯ ಸುತ್ತ ಅಲೆಯುತ್ತಾಳೆ. "ನನ್ನ ಮಗು ಕೊಡಿ" ಎಂದು ಕಿಟಕಿ ಬಡಿಯುತ್ತಾಳೆ. ಆ ವಾರದ ಕಂತು ಮುಗಿದಾಗ, ಮಂತ್ರವಾದಿಯೊಬ್ಬ ಅವಳನ್ನು ಮರಕ್ಕೆ ಮೊಳೆ ಹೊಡೆದು ಕಟ್ಟಲು ಬರುವ ಮುಂದಿನ ವಾರದ ತುಣುಕನ್ನೂ ತೋರಿಸಿದರು. ಜಗಲಿಯಲ್ಲಿ ಕೂತಿದ್ದ ರಾಮಮ್ಮ ಎದ್ದು ಮನೆಗೆ ಹೋದಳು.

ಮರುದಿನ ಎಲಿಯಾಸರು ಹೋದಾಗ ಬಾಗಿಲು ಮುಚ್ಚಿತ್ತು. ರಾಮಮ್ಮ ಅವರನ್ನು ಬಿಟ್ಟುಕೊಂಡು ಮತ್ತೆ ಅಗುಳಿ ಹಾಕಿದಳು. ಒಳಗೆ ಒಣಮೆಣಸು, ಸಾಸಿವೆಯ ಹೊಗೆ; ತೊಟ್ಟಿಲ ಕೆಳಗೆ ಕುಡುಗೋಲು; ಮಗು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು.

"ಬಾಗಿಲು ತೆಗಿ ರಾಮಮ್ಮ. ಮಗುವಿಗೆ ಉಸಿರು ಕಟ್ತದೆ."

"ತೆಗೆದ್ರೆ ಅವಳು ಬಂದ್ಬುಡ್ತಾಳೆ ಕಾಂಪೌಂಡ್ರೇ. ಹೆತ್ತ ಕರುಳು ಸುಮ್ಕಿರ್ತದಾ? ಈ ಭಾನುವಾರ ಬುಟ್ಟು ಮುಂದಿನ ಭಾನುವಾರ ಅಮಾಸೆ ಐತೆ. ಘಟ್ಟದ ಕೆಳಗಿನ ಮಂತ್ರವಾದಿಗೆ ಹೇಳಿ ಕಳ್ಸಿವ್ನಿ. ಮರಕ್ಕೆ ಮೊಳೆ ಹೊಡೆದು ಕಟ್ಟಾಕ್ಬುಡ್ತಾರಂತೆ."

"ಯಾರನ್ನು?"

"ನನ್ನ ಮಗಳ್ನೇ," ಎಂದ ರಾಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಅದು ನಾಟಕ. ಆ ಹುಡುಗಿ ಸಂಬಳ ತಕ್ಕೊಂಡು ಅಳುವುದು," ಎಂದರು ಎಲಿಯಾಸರು.

"ನಾಟಕ ಆದ್ರೆ ನೀವ್ಯಾಕೆ ಹ್ಯಾಟು ಮುಚ್ಕತೀರಿ?"

ಎಲಿಯಾಸರು ಒಂದು ವಾರ ಕೆಮ್ಮಿನ ಔಷಧ ಕೊಟ್ಟರು. ದಿನಕ್ಕೆ ಮೂರು ಸಲ ಹೋಗಿ ತಾವೇ ಬಾಗಿಲು ತೆಗೆದರು. ಅವರು ಬೆನ್ನು ತಿರುಗಿಸಿದೊಡನೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮಗುವಿನ ಎದೆಯ ಗೊರಗೊರ ಇಳಿಯಲಿಲ್ಲ.

ಗುರುವಾರ ಬಂತು. ಮೊಳೆ ಹೊಡೆಯುವಾಗ ಅವಳಿಗೆ ನೋವಾಗುತ್ತದೆಯೋ ಇಲ್ಲವೋ ನೋಡಬೇಕೆಂದು ರಾಮಮ್ಮ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತಿದ್ದಳು. ಟೀವಿಯಲ್ಲಿ ಸತ್ತ ತಾಯಿ ಅಂಗಳಕ್ಕೆ ಬಂದಳು. ಮಂತ್ರವಾದಿ ಸುತ್ತಿಗೆ ಎತ್ತಿಕೊಂಡ. ಎಲಿಯಾಸರ ಕೈ ಅಂದು ಹ್ಯಾಟಿಗೆ ಹೋಗಲಿಲ್ಲ. ಎದ್ದರು, ಆಂಟೆನಾ ಸರಿಮಾಡುವವರಂತೆ ಟೀವಿಯ ಹಿಂದೆ ಬಾಗಿ ಬ್ಯಾಟರಿಯ ತಂತಿಯನ್ನು ಕಿತ್ತರು. ಚಿತ್ರ ಕುಗ್ಗಿ ಚುಕ್ಕಿಯಾಗಿ ಆರಿತು.

"ಬ್ಯಾಟರಿ ಹೋಯ್ತು," ಎಂದರು. ಜಗಲಿಯಿಡೀ ಲೊಚಗುಟ್ಟಿತು. ತಂತಿ ಕಿತ್ತದ್ದನ್ನು ಕಂಡಿದ್ದ ಡೆಲ್ಸಿಬಾಯಿ ಎದ್ದು ಲಾಟೀನು ಹಚ್ಚಿದರು.

"ಮುಂದಿನ ಕಥೆ ನನಗೆ ಗೊತ್ತುಂಟು. ಪೇಪರಿನಲ್ಲಿ ಬಂದಿತ್ತು. ಕೂತುಕೊಳ್ಳಿ," ಎಂದರು ಎಲಿಯಾಸರು.

ಇನ್ನೊಬ್ಬರ ಮುಂದೆ ನಾಲ್ಕು ಮಾತು ಜೋಡಿಸಿ ಆಡಿ ಅಭ್ಯಾಸವಿಲ್ಲದ ಆ ಮನುಷ್ಯ, ಕೋಟಿನ ಗುಂಡಿ ತಿರುವುತ್ತ, ತಡವರಿಸುತ್ತ ಕಥೆ ಹೇಳಿದರು. ಮಂತ್ರವಾದಿ ಸುತ್ತಿಗೆ ಎತ್ತಿದನಂತೆ. ಅಷ್ಟರಲ್ಲಿ ಮಗುವಿನ ಅಜ್ಜಿ ಅಡ್ಡ ಬಂದು, ಇವಳು ನನ್ನ ಮಗಳು, ಮುಟ್ಟಬೇಡ ಎಂದು ಅವನನ್ನು ತಳ್ಳಿ ಬಾಗಿಲು ಪೂರಾ ತೆರೆದಳಂತೆ. ತಾಯಿ ಒಳಗೆ ಬಂದಳು. ತೊಟ್ಟಿಲಿಗೆ ಬಗ್ಗಿ ಮಗುವಿನ ನೆತ್ತಿ ಮೂಸಿದಳು. ಎಣ್ಣೆ ಹಚ್ಚಿ ಮೀಯಿಸಿದ ಘಮ. ಕೆನ್ನೆ ಮುಟ್ಟಿದಳು, ಚೆನ್ನಾಗಿ ಮೈತುಂಬಿದ ಕೂಸು. "ಅವ್ವಾ, ಹೆಂಗೈತೆ ಅಂತ ನೋಡ್ಕಂಡೋಗಾಣ ಅಂತ ಬಂದೆ, ಅಷ್ಟೇಯ. ನೀನಿದ್ದೀಯ, ನಂಗಿನ್ನೇನು," ಎಂದಳು. ಒಂದು ಲೋಟ ನೀರು ಕೇಳಿ ಕುಡಿದು, ಬಂದ ದಾರಿಯಲ್ಲೇ ಹೋದಳು. ಪುಷ್ಪಾಳ ಮಾತಿನ ವರಸೆಯಲ್ಲೇ ಆ ಮಾತನ್ನು ಆಡಿದ್ದು ಎಲಿಯಾಸರಿಗೂ ಆಮೇಲೆಯೇ ಅರಿವಾಯಿತು.

"ತಿರ್ಗಾ ಬತ್ತಾಳಾ?" ಎಂದಳು ರಾಮಮ್ಮ.

"ಇಲ್ಲ."

"ಮಗೀನ ಕೇಳಲ್ವಾ?"

"ಕೇಳುವುದಿಲ್ಲ."

"ಖಂಡಿತವಾ ಕಾಂಪೌಂಡ್ರೇ?"

ಅವರು ಏನು ಹೇಳುವರೆಂದು ಇಡೀ ಜಗಲಿಗೆ ಗೊತ್ತಿತ್ತು. ಎಲಿಯಾಸರು ರಾಮಮ್ಮನ ಕಣ್ಣನ್ನೇ ನೋಡಿದರು. "ಖಂಡಿತ," ಎಂದರು.

ಮರುಬೆಳಗ್ಗೆ ರಾಮಮ್ಮನ ಬಾಗಿಲು ಹಾರುಹೊಡೆದಿತ್ತು. ಕುಡುಗೋಲು ಗೋಡೆಗೆ ಹೋಗಿತ್ತು. ಮಗು ಬಿಸಿಲಲ್ಲಿ ಎಣ್ಣೆ ಹಚ್ಚಿಸಿಕೊಂಡು ಕಾಲು ಬಡಿಯುತ್ತಿತ್ತು. ಭಾನುವಾರ ಬಂದ ಮಂತ್ರವಾದಿಗೆ ಅವಳು ಕಾಫಿ ಕೊಟ್ಟು ಹಿಂದಕ್ಕೆ ಕಳಿಸಿ, ಮಗಳಿಗೆ ಇಷ್ಟವಾದ ಕಡುಬು ಬೇಯಿಸಿ ಹೊಸಿಲಾಚೆ ಎಲೆಯಲ್ಲಿಟ್ಟಳು.

ಜೀಪು ಓಡಿಸುವ ಬಸವರಾಜು ಆ ಕಂತನ್ನು ಯಸಳೂರಿನ ಅಕ್ಕನ ಮನೆಯಲ್ಲಿ ಪೂರ್ತಿ ನೋಡಿದ್ದ. ನಲ್ಲಿಯ ಬಳಿ ನಿಂತು, "ಮೂರು ಮೊಳೆ ಕಣ್ರೀ! ಏನ್ ಕಿರುಚಿದ್ಲು ಅಂತೀರಿ!" ಎಂದು ಶುರುಮಾಡಿದ. ರಾಮಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ನಿಮ್ಮಕ್ಕನ ಟೀವೀಲಿ ಹಂಗೆ ಬಂದಿರಬೋದು ಕಣೋ. ನಮ್ಮ ಕಾಂಪೌಂಡ್ರು ಟೀವೀಲಿ ಬ್ಯಾರೆ ಬಂತು," ಎಂದು ನಡೆದುಬಿಟ್ಟಳು.

ಇಗರ್ಜಿಯಲ್ಲಿ ಪಾಪನಿವೇದನೆ ಮುಗಿಸಿ ಬಂದ ಗಂಡನನ್ನು ಡೆಲ್ಸಿಬಾಯಿ ದಾರಿಯಲ್ಲಿ ಕೇಳಿದರಂತೆ: "ಆ ಸುಳ್ಳು ಹೇಳಿದ್ದನ್ನು ಪಾದ್ರಿಗಳಿಗೆ ಹೇಳಿದಿರಾ?"

"ಇಲ್ಲ," ಎಂದರಂತೆ ಎಲಿಯಾಸರು. "ಅವರು ಕ್ಷಮಿಸಿಬಿಟ್ಟರೆ ಅದು ಪಾಪ ಅಂತ ಆಗ್ತದಲ್ಲ."

ದೊಡ್ಡ ಡಾಕ್ಟರುಗಳ ಕಾರು ಹತ್ತದ ಈ ಗುಡ್ಡಗಳಲ್ಲಿ ಕಾಂಪೌಂಡರು, ದಾದಿ, ಸೂಲಗಿತ್ತಿಯರೆಂಬ ಅರೆವಿದ್ಯೆಯ ಜನರ ಕುಲವೊಂದಿತ್ತು. ಅವರ ಕೈಯಲ್ಲಿ ಬದುಕಿದವರೂ ಇದ್ದರು, ಹೋದವರೂ ಇದ್ದರು. ಗೆದ್ದ ಮನೆಗೆ ಹೋಗಿ ಮಾನ ಪಡೆಯುವುದು ಯಾವ ವೈದ್ಯನಿಗೂ ಸುಲಭ. ತಮ್ಮ ಕೈ ಸೋತ ಮನೆಯ ಹೊಸಿಲಿಗೆ ನಾಚದೆ, ನೆವ ಹೇಳದೆ, ಮರುದಿನವೂ ಅದರ ಮರುದಿನವೂ ಹೋಗಿ ನಿಲ್ಲುವುದು ಮಾತ್ರ ಈ ಕುಲದವರಿಗಷ್ಟೇ ತಿಳಿದಿದ್ದ ವಿದ್ಯೆ.